ಅಳಿಯನಿಗೆ ಮೊದಲ ಸರದಿ

ಮೊನ್ನೆ ನಮ್ಮ ಮನೆಯ ಬಟ್ಟೆ ಒಗೆಯುವ ಮಿಷಿನ್ನು ಕಟಕಟ ಸದ್ದು ಮಾಡತೊಡಗಿತು. ನನ್ನ ಹೆಂಡತಿ ಪದ್ಮ ಮೊದಲು ಅದರ ತಲೆಗೆ ಎರಡು ಬಿಟ್ಟಳು, ಆಮೇಲೆ ನನ್ನ ಮುಖ ನೋಡಿದಳು. ಮನೆಯಲ್ಲಿ ಏನು ಕೆಟ್ಟರೂ ಅವಳು ಈ ಎರಡು ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡುತ್ತಾಳೆ. ರಿಪೇರಿಯವನು ಬಂದು, ಮಿಷಿನ್ನನ್ನು ಅಂಗಾತ ಮಲಗಿಸಿ, ಅದರ ಹೊಟ್ಟೆಯೊಳಗೆ ಕೈಹಾಕಿ ಒಂದು ಹುಣಿಸೆ ಬೀಜ ತೆಗೆದು ನನ್ನ ಅಂಗೈ ಮೇಲಿಟ್ಟ.

"ಏನ್ ಸಾರ್, ಈ ವಯಸ್ನಾಗೆ ಜೇಬಲ್ಲಿ ಹುಣಿಸೆ ಬೀಜ ಇಕ್ಕೊಂಡು ತಿರುಗ್ತೀರಾ?" ಎಂದ.

ಹಿಂದೂಪುರದವನ ಜೇಬಿನಲ್ಲಿ ಹುಣಿಸೆ ಬೀಜ ಸಿಕ್ಕರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನಿದೆ ಹೇಳಿ. ಬೇಸಿಗೆ ಬಂತೆಂದರೆ ನಮ್ಮೂರಿನ ಮಂಡಿಗಳ ಕಡೆಯಿಂದ ಬೀಸುವ ಗಾಳಿಯೇ ಹುಳಿ. ಚಿಕ್ಕಂದಿನಲ್ಲಿ ನಾವು ಹುಣಿಸೆ ಬೀಜವನ್ನು ಮರಳಿನಲ್ಲಿ ಹುರಿದು, ಸಿಪ್ಪೆ ಒಡೆದು, ಶಾಲೆಯಲ್ಲಿ ಇಡೀ ದಿನ ದವಡೆಯಲ್ಲಿಟ್ಟುಕೊಂಡು ಅಗಿಯುತ್ತಿದ್ದೆವು. ಬಂಡೆಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರೆ ಅದೇ ಚೌಕಾಬಾರದ ದಾಳ. ನಮ್ಮಜ್ಜಿ ಅಳಗುಳಿಮಣೆಯಲ್ಲಿ ನನ್ನನ್ನು ಸೋಲಿಸಿ ಗೆದ್ದ ಬೀಜಗಳನ್ನೆಲ್ಲ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದಳು. ಮೊಮ್ಮಗ ಅಂತ ಒಂದು ಬೀಜ ಬಿಟ್ಟವಳಲ್ಲ.

ಆದರೆ ಈ ಬೀಜ ಅಂಥ ದಾರಿಹೋಕ ಬೀಜವಲ್ಲ. ಇದು ಕಲ್ಯಾಣದುರ್ಗದ ನಮ್ಮ ಅತ್ತೆ ಸಂಜೀವಮ್ಮನವರಿಂದ ನಾನು ಪೋಕರ್ ಆಟದಲ್ಲಿ, ಕೆಟ್ಟ ಜಾಗದಲ್ಲಿ ಕೂತು, ನ್ಯಾಯವಾಗಿ ಗೆದ್ದ ಬೀಜ. ಕೆಟ್ಟ ಜಾಗ ಅಂದರೇನು ಅಂತ ಹೇಳಲು ಸ್ವಲ್ಪ ಹೊತ್ತು ಬೇಕು. ನಿಮಗೇನೂ ಅವಸರವಿಲ್ಲ ತಾನೇ?

ನಮ್ಮದು ನೇಯ್ಗೆಯವರ ಮನೆತನ. ನಾನೀಗ ನೇಯುವುದಿಲ್ಲ; ಮಗ್ಗದ ಸಾಮಾನಿನ ಒಂದು ಸಣ್ಣ ಅಂಗಡಿ ಇಟ್ಟಿದ್ದೇನೆ. ನಮ್ಮಪ್ಪನಿಗೆ ಇಸ್ಪೀಟು ಕಂಡರೆ ಆಗುತ್ತಿರಲಿಲ್ಲ. "ಎಲೆ ಹಿಡಿದ ಕೈಗೆ ಲಾಳಿ ಒಗ್ಗಲ್ಲ ಕಣ್ಲಾ" ಅನ್ನುತ್ತಿದ್ದ. ನಾನು ಎಲೆ ಹಿಡಿಯಲಿಲ್ಲ, ಲಾಳಿಯೂ ಒಗ್ಗಲಿಲ್ಲ. ಅದು ಬೇರೆ ಮಾತು. ಹೀಗಾಗಿ ಐವತ್ತು ದಾಟುವವರೆಗೆ ನನಗೆ ಕಳಾವರ್ ಯಾವುದು, ಇಸ್ಪೀಟ್ ಯಾವುದು ಅಂತಲೂ ನೆಟ್ಟಗೆ ಗೊತ್ತಿರಲಿಲ್ಲ.

ಕಲಿಸಿದವನು ಭರತ. ಪದ್ಮನ ತಮ್ಮ ನಾಗರಾಜನ ಒಬ್ಬನೇ ಮಗ. ಪೆನುಕೊಂಡದ ಹತ್ತಿರದ ಕಾರಿನ ಕಾರ್ಖಾನೆಯಲ್ಲಿ ಕೆಲಸ. ಅಲ್ಲೇ ರೂಮು ಮಾಡಿಕೊಂಡು, ರಜೆಗೆ ಕಲ್ಯಾಣದುರ್ಗಕ್ಕೆ ಬರುತ್ತಾನೆ. ರೂಮಿನ ಗೆಳೆಯರಿಂದ ಕಲಿತ ಈ ಆಟವನ್ನು ಒಂದು ಅಮಾವಾಸ್ಯೆಯ ದಿನ ಅಜ್ಜಿಯ ಮನೆಯ ಪಡಸಾಲೆಗೆ ತಂದುಬಿಟ್ಟ.

ಅಮಾವಾಸ್ಯೆ ಯಾಕೆ ಅಂದರೆ, ಅವತ್ತು ನಮ್ಮವರು ಮಗ್ಗದ ಗುಂಡಿಗೆ ಇಳಿಯುವುದಿಲ್ಲ. ತಿಂಗಳಿಗೆ ಅದೊಂದೇ ದಿನ ಕಾಲಿಗೂ ಕೈಗೂ ರಜೆ. ನನ್ನ ಅತ್ತೆ ಸಂಜೀವಮ್ಮನವರಿಗೆ ಎಪ್ಪತ್ತಾಯಿತು. ಸುಮ್ಮನೆ ಕೂರುವ ಅಭ್ಯಾಸ ಇಲ್ಲ. ರಜೆಯ ದಿನ ಏನು ಮಾಡಬೇಕೆಂದು ತೋಚದೆ ಎಲ್ಲರನ್ನೂ ಬೈದುಕೊಂಡು ತಿರುಗುತ್ತಿದ್ದ ಆಕೆಗೆ ಮೊಮ್ಮಗ ಇಸ್ಪೀಟೆಲೆ ಕೈಗೆ ಕೊಟ್ಟು ಪುಣ್ಯ ಕಟ್ಟಿಕೊಂಡ. ದುಡ್ಡಿನ ಆಟ ಮನೆಯೊಳಗೆ ಬರಕೂಡದು ಅಂತ ಆಕೆಯೇ ಅಡುಗೆಮನೆಯಿಂದ ಒಂದು ಡಬ್ಬಿ ಹುಣಿಸೆ ಬೀಜ ತಂದು ಸುರಿದಳು.

ಆಟ ಬಹಳ ಸುಲಭ. ಒಬ್ಬೊಬ್ಬರಿಗೆ ಎರಡೆರಡು ಎಲೆ, ಮುಚ್ಚಿಟ್ಟುಕೊಳ್ಳಬೇಕು. ನಡುವೆ ಚಾಪೆಯ ಮೇಲೆ ಐದು ಎಲೆ, ಎಲ್ಲರಿಗೂ ಕಾಣುವಂತೆ. ಅವನ್ನು ಒಂದೇ ಸಲ ಅಲ್ಲ, ಕಂತಿನಲ್ಲಿ ಬಿಚ್ಚುತ್ತಾರೆ. ಕೈಯ ಎರಡೂ ಚಾಪೆಯ ಐದೂ ಸೇರಿ ಯಾರ ಎಲೆ ದೊಡ್ಡದೋ ಬೀಜದ ರಾಶಿ ಅವರದು. ಒಂದೊಂದು ಕಂತಿಗೂ ಒಂದು ಸುತ್ತು ಮಾತು ನಡೆಯುತ್ತದೆ. ನಿಮ್ಮ ಸರದಿ ಬಂದಾಗ ಬೀಜ ಹಾಕಬಹುದು, ಎಲೆ ಮಗುಚಿ ಕೈತೊಳೆದುಕೊಳ್ಳಬಹುದು. ಯಾರೂ ಇನ್ನೂ ಬೀಜ ಹಾಕಿಲ್ಲವಾದರೆ ಚಾಪೆಯನ್ನು ಎರಡು ಸಲ ತಟ್ಟಿ 'ನನ್ನದೇನಿಲ್ಲ, ಮುಂದಿನವರು ಹೇಳಲಿ' ಅಂತ ಸುಮ್ಮನಾಗಬಹುದು. ಇದರಲ್ಲಿ ಮೊದಲು ಮಾತಾಡುವವನ ಪಾಡು ನಾಯಿಪಾಡು. ಅವನಿಗೆ ಯಾರ ಮನಸ್ಸಿನಲ್ಲಿ ಏನಿದೆ ಗೊತ್ತಿಲ್ಲ. ಅವನ ಮನಸ್ಸಿನಲ್ಲಿ ಏನಿದೆ ಅಂತ ಹಿಂದೆ ಕೂತವರಿಗೆಲ್ಲ ಗೊತ್ತಾಗಿಹೋಗುತ್ತದೆ. ಕೊನೆಗೆ ಮಾತಾಡುವವನು ರಾಜ. ಅವನು ಎಲ್ಲರನ್ನೂ ನೋಡಿ, ಅಳೆದು ತೂಗಿ ಬಾಯಿ ಬಿಡುತ್ತಾನೆ. ಎಲೆ ಹಂಚಿದವರದೇ ಆ ಕೊನೆಯ ಸರದಿ.

ಅದಕ್ಕೇ ಹಂಚುವ ಕೆಲಸ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಾ ಹೋಗಬೇಕು ಅಂತ ಭರತ ಮೊದಲೇ ಹೇಳಿದ್ದ. ಸಂಜೀವಮ್ಮ ಒಪ್ಪಲಿಲ್ಲ.

"ಅದೆಲ್ಲ ನಿಮ್ ಫ್ಯಾಕ್ಟ್ರಿನಾಗೆ ಇಟ್ಕೋ. ಮನೇನಾಗೆ ಮನೆ ದೊಡ್ಡೋರು ಹಂಚ್ಬೇಕು. ಅಳಿಯಂದ್ರಿಗೆ ಮೊದ್ಲು ಹಾಕ್ಬೇಕು. ಊಟಕ್ಕೆ ಕೂತ್ರೆ ಅಳಿಯನ್ನ ಬುಟ್ಟು ಬ್ಯಾರೇರಿಗೆ ಬಡಿಸ್ತೀವೇನ್ಲಾ?"

"ಅಜ್ಜೀ, ಇದು ಊಟ ಅಲ್ಲ. ಮೊದ್ಲು ಮಾತಾಡೋರಿಗೆ ಲಾಸು ಇದ್ರಲ್ಲಿ."

"ಮರ್ಯಾದೆ ಕೊಟ್ರೆ ಲಾಸು ಹೆಂಗಾಯ್ತದೆ?"

ಭರತ ಎಲೆಯ ಕಟ್ಟನ್ನು ಅಜ್ಜಿಯ ಕೈಗೇ ಕೊಟ್ಟ. ಹೀಗೆ ಎರಡು ವರ್ಷಗಳಿಂದ, ಪ್ರತಿ ಅಮಾವಾಸ್ಯೆ, ಪ್ರತಿ ಆಟದಲ್ಲೂ ಅತ್ತೆಯೇ ಹಂಚುವುದು, ನಾನೇ ಮೊದಲು ಬಾಯಿ ಬಿಡುವುದು. ನನ್ನ ಪಕ್ಕ ನಾಗರಾಜ, ಅವನ ಪಕ್ಕ ಭರತ, ಕೊನೆಗೆ ಅಡಿಕೆಲೆ ಜಗಿಯುತ್ತಾ ಸಂಜೀವಮ್ಮ. ಭೂಮಂಡಲದಲ್ಲಿ ಎಲ್ಲೂ ಯಾವ ಮನುಷ್ಯನೂ ಇಷ್ಟು ಆಟಗಳನ್ನು ಒಂದೇ ಸಮ ಕೆಟ್ಟ ಜಾಗದಲ್ಲಿ ಕೂತು ಆಡಿರಲಾರ. ಅದೂ ಮರ್ಯಾದೆಯ ಹೆಸರಿನಲ್ಲಿ.

ಮೊದಲು ಬಾಯಿ ಬಿಟ್ಟು ಕೆಡುವುದು ನನಗೆ ಹುಟ್ಟುಗುಣ ಅಂತಲೂ ಹೇಳಬೇಕು. ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ ಮೇಷ್ಟ್ರು ಒಳಗೆ ಬಂದು, ಹಾಜರಿ ಪುಸ್ತಕ ತೆಗೆದು, ಗಂಟಲು ಸರಿಮಾಡಿಕೊಂಡರು, ಅಷ್ಟೇ. ನಾನು ಎದ್ದು ನಿಂತು "ನಾನಲ್ಲ ಸಾರ್" ಎಂದೆ. ಮಸಿ ಕುಡಿಕೆ ಒಡೆದಿದೆ ಅಂತ ಅವರಿಗೆ ಗೊತ್ತಾದದ್ದೇ ಆಮೇಲೆ. ಹೆಣ್ಣು ನೋಡಲು ಕಲ್ಯಾಣದುರ್ಗಕ್ಕೆ ಬಂದಾಗಲೂ ಅಷ್ಟೆ. ನಮ್ಮಪ್ಪ ಮುಖ ಗಂಟು ಹಾಕಿಕೊಂಡು, 'ಊರಿಗೆ ಹೋಗಿ ತಿಳಿಸ್ತೀವಿ' ಅನ್ನಲು ಸಜ್ಜಾಗಿ ಕೂತಿದ್ದ. ಪದ್ಮ ಕಾಫಿ ಲೋಟ ಕೊಟ್ಟು ಇನ್ನೂ ತಿರುಗಿರಲಿಲ್ಲ, ನಾನು "ನನಗೆ ಒಪ್ಪಿಗೆ" ಅಂದುಬಿಟ್ಟೆ. ಅಪ್ಪ ಪಂಚೆಯ ಮರೆಯಲ್ಲಿ ನನ್ನ ತೊಡೆ ಚಿವುಟಿದ ಗುರುತು ಮದುವೆಯ ದಿನದವರೆಗೂ ಇತ್ತು. ಪದ್ಮನಿಗೆ ಮಾತ್ರ ಆ ಮಾತು ಇವತ್ತಿಗೂ ಸಿಹಿ. ನನ್ನ ಮೇಲೆ ಸಿಟ್ಟು ಬಂದಾಗ ಅದನ್ನು ನೆನೆಸಿಕೊಂಡು ಅರ್ಧ ಸಿಟ್ಟು ಇಳಿಸಿಕೊಳ್ಳುತ್ತಾಳೆ.

ಮೊದಲ ನಾಲ್ಕೈದು ಅಮಾವಾಸ್ಯೆ ಈ ಗುಣವೇ ನನ್ನನ್ನು ತಿಂದುಹಾಕಿತು. ಎರಡು ಎಲೆ ಕೊಂಚ ಚೆನ್ನಾಗಿದ್ದರೆ ಸಾಕು, ಹಿಡಿ ತುಂಬ ಬೀಜ ಚೆಲ್ಲುತ್ತಿದ್ದೆ. ಹಿಂದಿನ ಮೂವರೂ ಎಲೆ ಮಗುಚಿಬಿಡುವರು, ಗೆಲ್ಲಲು ಬೀಜವೇ ಇರುತ್ತಿರಲಿಲ್ಲ. ಇಲ್ಲವೇ ಅತ್ತೆ ನನ್ನನ್ನೊಮ್ಮೆ ನೋಡಿ ಎರಡು ಹಿಡಿ ಹಾಕುವಳು. ಆಕೆಯ ಕಣ್ಣು ಸಾಮಾನ್ಯವಲ್ಲ. ಸಾವಿರಾರು ಎಳೆಯ ಹಾಸಿನಲ್ಲಿ ತುಂಡಾದ ಒಂದೇ ಒಂದು ಎಳೆಯನ್ನು ಕೂತಲ್ಲಿಂದಲೇ ಹುಡುಕಿ ಗಂಟು ಹಾಕಿದ ಕಣ್ಣು ಅದು. ನನ್ನ ಮುಖ ಓದುವುದು ಆಕೆಗೆ ಯಾವ ಮಹಾ ಕೆಲಸ? ಸಾಲದ್ದಕ್ಕೆ ಪದ್ಮ. ಆಟಕ್ಕೆ ಕೂರುವುದಿಲ್ಲ, ನನ್ನ ಬೆನ್ನ ಹಿಂದೆ ನಿಂತು ಎಲೆ ನೋಡುತ್ತಾಳೆ. ಒಳ್ಳೆಯ ಎಲೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತಾಳೆ, ಕೆಟ್ಟದ್ದು ಬಂದರೆ "ಅಯ್ಯೋ ಶಿವನೇ" ಅನ್ನುತ್ತಾಳೆ.

ಆದರೆ ನಾನೂ ಅಂಗಡಿ ನಡೆಸಿದವನು. ಆರು ತಿಂಗಳಲ್ಲಿ ಕೆಟ್ಟ ಜಾಗದ ಶಾಸ್ತ್ರವನ್ನು ಅರೆದು ಕುಡಿದೆ. ಮೊದಲನೆಯದಾಗಿ, ಪದ್ಮನನ್ನು ಅಡುಗೆಮನೆಗೆ ಕಳಿಸಿದೆ. ಆಮೇಲೆ, ಬಂದ ಎಲೆಗಳಲ್ಲಿ ಮುಕ್ಕಾಲು ಪಾಲು ನೋಡಿದ ತಕ್ಷಣ ಮಗುಚತೊಡಗಿದೆ. ಹಿಂದೆ ಕೂತವನು ರಾಣಿ-ಹತ್ತು ಹಿಡಿದು ಆಡಿದರೆ ಆಡಲಿ. ಮುಂದೆ ಕೂತವನಿಗೆ ಅದು ಆಸೆ ತೋರಿಸಿ ಹಳ್ಳಕ್ಕೆ ಕೆಡವುವ ಎಲೆ. ಅರೆಬರೆ ಎಲೆ ಬಂದರೆ ತಟ್ಟುವುದು, ಬೀಜದ ರಾಶಿ ಬೆಳೆಯದಂತೆ ನೋಡಿಕೊಳ್ಳುವುದು. ಎದುರಿನವರು ಸುಳ್ಳೇ ಬೀಜ ಸುರಿಯುತ್ತಿದ್ದಾರೆ ಅಂತ ಗುಮಾನಿ ಬಂದರೆ 'ಇದೊಂದು ಸಲ ನೋಡೇಬಿಡೋಣ' ಅಂತ ಬೆನ್ನು ಹತ್ತುವ ಚಪಲ ಬಿಟ್ಟುಬಿಡುವುದು. ಆ ಚಪಲಕ್ಕೆ ಅತ್ತೆ ಮನೆಯಲ್ಲಿ ನಾನು ಕಳೆದ ಬೀಜಗಳನ್ನು ಬಿತ್ತಿದ್ದರೆ ಕಂಬದೂರಿನವರೆಗೆ ಹುಣಿಸೆ ತೋಪಾಗುತ್ತಿತ್ತು.

ಇನ್ನೊಂದು ಗುಟ್ಟಿದೆ, ಹೇಳಬಾರದು, ನೀವು ನಮ್ಮವರು ಅಂತ ಹೇಳುತ್ತೇನೆ. ನಿಜವಾಗಿಯೂ ಭಾರಿ ಎಲೆ ಬಂದಾಗ ಪೆಚ್ಚುಮೋರೆ ಹಾಕಿ ತಟ್ಟಬೇಕು. ಹಿಂದಿನವರು ಧೈರ್ಯವಾಗಿ ಬೀಜ ಹಾಕುತ್ತಾರೆ. ಸರದಿ ತಿರುಗಿ ನಮ್ಮ ಹತ್ತಿರ ಬಂದಾಗ ಅವರು ಹಾಕಿದ್ದರ ಮೂರರಷ್ಟು ಸುರಿಯಬೇಕು. ಮೊದಲ ಸಲ ನಾನು ಎರಡು ರಾಜ ಹಿಡಿದು ಹೀಗೆ ಮಾಡಿದಾಗ ಸಂಜೀವಮ್ಮ ಜಗಿಯುವುದನ್ನು ನಿಲ್ಲಿಸಿದಳು.

"ಅಳಿಯಂದ್ರು ಹೊಂಚು ಹಾಕೋದು ಕಲ್ತುಬುಟ್ರು ಕಣೋ ನಾಗ" ಎಂದಳು. ಪಟ್ಟಾಭಿಷೇಕವಾದಷ್ಟು ಸಂತೋಷವಾಯಿತು ನನಗೆ. ಮಿಷಿನ್ನಿನ ಹೊಟ್ಟೆಯಿಂದ ಹೊರಟದ್ದು ಅವತ್ತು ನೆನಪಿಗೆಂದು ಜೇಬಿಗೆ ಹಾಕಿಕೊಂಡಿದ್ದ ಬೀಜ.

ಇಷ್ಟು ಹೊತ್ತು ಆಟದ ವಿಷಯ ಕೊಚ್ಚಿಕೊಂಡು ಇನ್ನೊಂದು ವಿಷಯವನ್ನು ಮರೆಸುತ್ತಿದ್ದೇನೆ ಅಂತ ನಿಮಗೆ ಗುಮಾನಿ ಬಂದಿರಬಹುದು. ಬಂದಿದ್ದರೆ ಸರಿಯಾಗಿಯೇ ಬಂದಿದೆ.

ನನಗೆ ಒಬ್ಬಳೇ ಮಗಳು, ಸಿಂಧು. ಹಿಂದೂಪುರದಲ್ಲೇ ಸೀರೆಯ ಅಂಚಿಗೆ, ಸೆರಗಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುತ್ತಾಳೆ. ಸುತ್ತಮುತ್ತಲ ಮಗ್ಗದವರೆಲ್ಲ ಅವಳ ಹತ್ತಿರ ಬರುತ್ತಾರೆ. ನಮ್ಮಲ್ಲಿ ಸೋದರಮಾವನ ಮಗನಿಗೆ ಹೆಣ್ಣಿನ ಮೇಲೆ ಮೊದಲ ಹಕ್ಕು. ಗಡಿಯ ಜನ ನಾವು, ತೆಲುಗಿನಲ್ಲಿ ಮೇನರಿಕಂ ಅನ್ನುತ್ತೇವೆ. ಸಿಂಧು ತೊಟ್ಟಿಲಲ್ಲಿದ್ದಾಗಲೇ ಕಲ್ಯಾಣದುರ್ಗದವರು 'ಇವಳು ನಮ್ಮ ಭರತನ ಹೆಂಡ್ತಿ' ಅಂತ ಆಡಿಕೊಂಡಿದ್ದರು. ನಾವೂ ನಕ್ಕಿದ್ದೆವು. ಎರಡು ವರ್ಷದ ಹಿಂದೆ ನಾಗರಾಜ ಆ ಮಾತನ್ನು ನಿಜವಾಗಿ ಎತ್ತಿದಾಗ ಸಿಂಧು ನನ್ನ ಎದುರು ಬಂದು ಕೂತಳು.

"ಅಪ್ಪಾ, ಭರತ ಚಿನ್ನದಂಥೋನು. ಆದ್ರೆ ನಾವಿಬ್ರೂ ರಜೆಗೆಲ್ಲ ಅಜ್ಜಿ ಮನೇಲಿ ಒಂದೇ ತಟ್ಟೇಲಿ ಉಂಡು, ಒಟ್ಟಿಗೇ ಹಲ್ಲು ಬೀಳಿಸ್ಕೊಂಡು ಬೆಳೆದೋರು. ಅವನ್ನ ಗಂಡ ಅಂದ್ಕೊಳ್ಳಾಕೆ ನಂಗೆ ಆಗಲ್ಲ. ಅವಂಗೆ ನಾನೇ ಫೋನ್ ಮಾಡಿ ಹೇಳ್ತೀನಿ."

"ನೀನು ಸುಮ್ನಿರು. ದೊಡ್ಡೋರ ಮಧ್ಯೆ ನಡೆಯೋ ಮಾತು. ಸಮಯ ನೋಡಿ ನಾನು ಹೇಳ್ತೀನಿ" ಎಂದೆ.

ಸಮಯ ನೋಡುತ್ತಲೇ ಇದ್ದೆ. ನಮ್ಮಲ್ಲಿ ಅಮಾವಾಸ್ಯೆಯ ದಿನ ಮದುವೆಯ ಮಾತು ಯಾರೂ ಎತ್ತುವುದಿಲ್ಲ, ಕೆಟ್ಟದ್ದು. ಹಾಗಾಗಿ ನಾನು ಕಲ್ಯಾಣದುರ್ಗಕ್ಕೆ ಅಮಾವಾಸ್ಯೆಗೇ ಹೋಗುತ್ತಿದ್ದೆ, ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದೆ. ಬೇರೆ ದಿನ ನಾಗರಾಜ ಫೋನಿನಲ್ಲಿ ಕೇಳಿದರೆ "ಚೂದ್ದಾಂಲೇ, ನೋಡೋಣ" ಅನ್ನುತ್ತಿದ್ದೆ. ಮೊದಲು ಮಾತಾಡಿದವನು ಕೆಟ್ಟ, ಸುಮ್ಮನಿದ್ದರೆ ಅವರೇ ಸುಸ್ತಾಗಿ ಬೇರೆ ಕಡೆ ಹೆಣ್ಣು ನೋಡುತ್ತಾರೆ ಅಂತ ನನ್ನ ಲೆಕ್ಕ. ಪದ್ಮ ಪ್ರತಿ ಸಲ ಬಸ್ಸಿನಲ್ಲಿ "ಈ ಸಲಾನಾದ್ರೂ ಹೇಳ್ರೀ" ಅನ್ನುವಳು. ಅವಳು ತಾನೇ ಹೇಳಬಹುದಿತ್ತು. ತವರುಮನೆಯ ಬಾಗಿಲು ತನ್ನ ಕೈಯಿಂದಲೇ ಮುಚ್ಚಿದಂತಾಗುತ್ತದೆ ಅಂತ ಹೆದರಿಕೆ. ಸಿಂಧು ಅಂತೂ ಅಜ್ಜಿಯ ಮನೆಗೆ ಹೋಗುವುದನ್ನೇ ಬಿಟ್ಟಳು. ಹೋದರೆ ಯಾವ ಮುಖ ಇಟ್ಟುಕೊಂಡು ಭರತನ ಎದುರು ಕೂರುವುದು? ಅಜ್ಜಿ ಕೇಳಿದರೆ "ಕೆಲಸ ಜಾಸ್ತಿ" ಅಂತ ನಾವು ಹೇಳುತ್ತಿದ್ದೆವು.

ಈಗ್ಗೆ ಮೂರು ತಿಂಗಳ ಹಿಂದಿನ ಅಮಾವಾಸ್ಯೆ. ಮಧ್ಯಾಹ್ನದ ಮುದ್ದೆ ಮುಗಿಸಿ ಚಾಪೆ ಹಾಸಿದ್ದೆವು. ಅತ್ತೆ ಹಂಚಿದಳು. ಎತ್ತಿ ನೋಡುತ್ತೇನೆ, ಎರಡೂ ಎಕ್ಕ! ಎರಡು ವರ್ಷದಲ್ಲಿ ನನಗೆ ಜೋಡಿ ಎಕ್ಕ ಬಂದದ್ದು ಅದೇ ಮೊದಲು. ಪೆಚ್ಚುಮೋರೆ ಹಾಕಿ ಇನ್ನೇನು ತಟ್ಟಬೇಕು, ಪಕ್ಕದಲ್ಲಿದ್ದ ನಾಗರಾಜ ತನ್ನ ಎಲೆ ನೋಡುತ್ತಲೇ ಹೇಳಿದ.

"ಭಾವ, ಇವತ್ತು ಆ ಮಾತು ಎತ್ತಬಾರ್ದು, ಆದ್ರೂ ನಾಳೆ ಹೊಂಟೋಗ್ಬ್ಯಾಡಿ. ನಾಳಿದ್ದು ಬಿದಿಗೆ. ಐನೋರಿಗೆ ಹೇಳಿದೀನಿ, ಬತ್ತಾರೆ. ದಿನ ಗೊತ್ತು ಮಾಡಿಬುಡಾನ. ಸಿಂಧೂಗೂ ಫೋನ್ ಮಾಡಿ ಬರಾಕೇಳಿ."

ಬಾಗಿಲಲ್ಲಿ ನಿಂತಿದ್ದ ಪದ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಭರತ ತಲೆ ತಗ್ಗಿಸಿ ಸಣ್ಣಗೆ ನಗುತ್ತಿದ್ದ. ಎರಡು ವರ್ಷ ಅವನ ಎಲೆ ಯಾವುದು, ಅತ್ತೆಯ ಎಲೆ ಯಾವುದು ಅಂತ ಅಷ್ಟು ಊಹೆ ಮಾಡಿದವನು ನಾನು. ಅವನು ಸಿಂಧುವನ್ನು ನಿಜವಾಗಿ ಇಷ್ಟಪಟ್ಟು ಕಾಯುತ್ತಿರಬಹುದು ಅಂತ ಒಂದು ದಿನವೂ ಊಹಿಸಿರಲಿಲ್ಲ.

ಎಲೆ ಮಗುಚಿಟ್ಟೆ. "ನಾಗರಾಜ, ಐನೋರಿಗೆ ಬರೋದು ಬೇಡ ಅಂತ ಹೇಳು. ಸಿಂಧು ಒಪ್ಪಿಲ್ಲ. ಭರತನಲ್ಲಿ ಏನೂ ಐಬಿಲ್ಲ. ಆ ಹುಡುಗಿಗೆ ಮನಸ್ಸಿಲ್ಲ ಅಷ್ಟೆ. ಇದನ್ನ ನಾನು ಯಾವತ್ತೋ ಹೇಳ್ಬೇಕಾಗಿತ್ತು, ಹೇಳಲಿಲ್ಲ. ತಪ್ಪು ನಂದು" ಎಂದೆ. ಬರೆಯುವಾಗ ಇಷ್ಟು ಸಲೀಸಾಗಿದೆ. ಅವತ್ತು ಒಂದೊಂದು ಮಾತನ್ನೂ ಎರಡೆರಡು ಸಲ ಶುರುಮಾಡಿದ್ದೇನೆ.

ನಾಗರಾಜನಿಗೆ ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತದೆ. "ಇದೇಂ ಮಾಟ ಬಾವಾ? ಇದೇನು ಮಾತು?" ಅಂತ ಎದ್ದ. "ನಮ್ಮಕ್ಕನ್ನ ಕೊಟ್ಟಿದ್ದೀವಿ ನಿಮ್ಮನೆಗೆ. ಆಕಿ ಮಗಳು ನಮ್ಮನೆಗೆ ಬರೋದು ನ್ಯಾಯ. ಊರೋರಿಗೆಲ್ಲ ಹೇಳ್ಕೊಂಡು ತಿರುಗಿದೀನಿ. ನಾಳೆ ನಾನು ಯಾವ ಮಖ ಹೊತ್ಕೊಂಡು ಬಜಾರ್ನಾಗೆ ಹೋಗ್ಲಿ?" ಕೈಯಲ್ಲಿದ್ದ ಎಲೆ ಚಾಪೆಯ ಮೇಲೆ ಎಸೆದು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಪದ್ಮ "ನಾಗಾ" ಅಂತ ಅವನ ಹಿಂದೆಯೇ ಓಡಿದಳು.

ಭರತ ಕದಲಲಿಲ್ಲ. ಕೂತಲ್ಲಿಂದಲೇ ಕೇಳಿದ.

"ಯಾವಾಗ ಅಂದ್ಲು ಮಾವ?"

"ಎರಡು ವರ್ಷ ಆಯ್ತು."

"ಎರಡು ವರ್ಷ" ಎಂದ. ಚದುರಿದ್ದ ಎಲೆಗಳನ್ನೆಲ್ಲ ಒಂದೊಂದಾಗಿ ಆಯ್ದು, ಅಂಚು ಸಮ ಮಾಡಿ, ಡಬ್ಬಿಗೆ ಹಾಕಿದ. ನನ್ನ ಜೋಡಿ ಎಕ್ಕವೂ ಅದರಲ್ಲಿ ಹೋಯಿತು. ಅದರ ನೆನಪು ನನಗೆ ಬಂದದ್ದು ಮಾರನೆಯ ವಾರ.

ಉಳಿದವಳು ಸಂಜೀವಮ್ಮ. ನಾನು ಆಕೆಯ ಮುಖ ನೋಡಲಾರದೆ, "ಅತ್ತೆ, ಇವತ್ತು ಅಮಾವಾಸ್ಯೆ. ಇಂಥ ದಿನ ಈ ಮಾತು ಎತ್ತಬಾರದಿತ್ತು" ಎಂದು ಗೊಣಗಿದೆ.

"ಒಳ್ಳೆ ಮಾತಿಗೆ ಒಳ್ಳೆ ದಿನ ನೋಡ್ಬೇಕು ಕಣಪ್ಪ. ಬ್ಯಾಡ ಅನ್ನಾಕೆ ಯಾವ ದಿನ ಆದ್ರೇನು" ಎಂದಳು. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದು ಮತ್ತೆ ಅಲ್ಲೇ ಕೂತಳು. "ನನ್ನೂ ನಮ್ಮವ್ವನ ತಮ್ಮಂಗೇ ಕೊಟ್ರು. ಹದಿನಾಕು ವರ್ಸ ನಂಗೆ. ಲಾಳಿ ಕಂಡಿಕೆಗೆ ನೂಲು ಸುತ್ತುತ್ತಾ ಕುಂತಿದ್ದೆ, ಎಬ್ಬಿಸಿ ಸೀರೆ ಉಡಿಸಿಬುಟ್ರು. ನಿಮ್ಮಾವ ಒಳ್ಳೆ ಮನ್ಸನೇ, ಒಂದು ದಿನ ಕೈ ಎತ್ತಿದೋರಲ್ಲ. ಆದ್ರೂ ಯಾರಾನ ಒಬ್ರು ನನ್ನ ಒಂದು ಮಾತು ಕೇಳ್ಬೌದಾಗಿತ್ತು." ಮಾವ ತೀರಿಕೊಂಡು ಹನ್ನೆರಡು ವರ್ಷ. ಈ ಮಾತನ್ನು ಆಕೆ ಯಾರೆದುರೂ ಆಡಿದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ಭರತನ ಬೆನ್ನ ಮೇಲೆ ಕೈಯಿಟ್ಟು ನನ್ನನ್ನು ಕೇಳಿದಳು: "ಸಿಂಧು ಮಗ ಇದುಕ್ಕೇನಾ ಎಲ್ಡು ವರ್ಸದಿಂದ ಇತ್ಲಾಗೆ ತಲೆ ಹಾಕ್ದೆ ಹೋಗಿದ್ದು? ಕೆಲಸ ಅಂದ್ರಿ ನೀವು. ಅದು ಕಡೇ ಸಲ ಬಂದಾಗ ನಾನು ಏನೋ ಒಂದು ಮಾತು ಗದರಿದ್ದೆ. ನನ್ ಮ್ಯಾಲೆ ಸಿಟ್ಟು ಮಾಡ್ಕೊಂಡೈತೆ ಅಂತ ಇಲ್ಲೀಗಂಟ ಅದೇ ನೆನೆಸ್ಕೊಂತಿದ್ದೆ."

ನನಗೆ ಅಳು ಬಂತು. ಬಂತು ಅಂತ ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಚಾಪೆ ತಟ್ಟಿದರೆ ಒಂದು ಬೀಜವೂ ಹೋಗುವುದಿಲ್ಲ ಅಂತ ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದಷ್ಟು ದಿನವೂ ಈ ಮನೆಯಲ್ಲಿ ಒಬ್ಬ ಮುದುಕಿ ತಾನೇನೋ ತಪ್ಪು ಮಾಡಿದೆ ಅಂತ ಕೊರಗಿದ್ದಾಳೆ. ಜಾಣತನ ಅಂದುಕೊಂಡಿದ್ದೆ, ಅದು ಶುದ್ಧ ಹೇಡಿತನ.

ಮಾರನೆಯ ಬೆಳಿಗ್ಗೆ ನಾಗರಾಜ ಮನೆಯಲ್ಲಿರಲಿಲ್ಲ. ಬ್ರಹ್ಮಸಮುದ್ರದಲ್ಲಿ ಏನೋ ಕೆಲಸ ಅಂತ ಹೋಗಿಬಿಟ್ಟಿದ್ದ. ಹಿಂದೂಪುರದ ಬಸ್ಸಿನಲ್ಲಿ ಪದ್ಮ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿಕೊಂಡಳು. ಭರತ ಪೆನುಕೊಂಡಕ್ಕೆ ಡ್ಯೂಟಿಗೆ ಹೋಗಬೇಕು, ಅದೇ ಬಸ್ಸು. ಬೇರೆ ಸೀಟು ಖಾಲಿಯಿದ್ದರೂ ಬಂದು ನನ್ನ ಪಕ್ಕ ಕೂತ.

"ನಡುವೆ ಮೂರು ಸಂಬಂಧ ಬಂದಿದ್ವು ಮಾವ" ಎಂದ ಅರ್ಧ ದಾರಿಯಲ್ಲಿ. "ಮಡಕಶಿರಾದೋರು ಎರಡು ಸಲ ಬಂದ್ರು. ನಾನೇ ಬ್ಯಾಡ ಅಂದೆ."

"ತಪ್ಪಾಯ್ತು ಕಣಪ್ಪ ಭರತ" ಎಂದೆ. ಮಗನ ವಯಸ್ಸಿನವನಿಗೆ ನಾನು ಆ ಮಾತು ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅವನು ಸಮಾಧಾನ ಹೇಳಲಿಲ್ಲ, ಹೇಳದಿದ್ದದ್ದೇ ಒಳ್ಳೆಯದಾಯಿತು. ಪೆನುಕೊಂಡದಲ್ಲಿ ಇಳಿಯುವ ಮುಂಚೆ ಬ್ಯಾಗು ಹೆಗಲಿಗೆ ಹಾಕಿಕೊಂಡು, "ಸಿಂಧೂಗೆ ಅಜ್ಜಿ ಮನೆಗೆ ಬರಾಕೇಳಿ ಮಾವ. ನಾನು ಇಲ್ದಾಗ ಬೇಕಾದ್ರೆ ಬರ್ಲಿ" ಅಂದು ಇಳಿದುಹೋದ.

ಮನೆ ತಲುಪಿದ ಕೂಡಲೇ ಸಿಂಧು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಎಲ್ಲ ಹೇಳಿದೆ, ಅಜ್ಜಿಯ ಮಾತನ್ನೂ ಹೇಳಿದೆ. ಅವಳು ಅರ್ಧ ಬರೆದ ಡಿಸೈನ್ ಹಾಗೇ ಬಿಟ್ಟು ಕಂಪ್ಯೂಟರ್ ಆರಿಸಿದಳು. ಸಂಜೆ ಮಹಡಿಗೆ ಹೋಗಿ ಭರತನಿಗೆ ಫೋನ್ ಮಾಡಿದಳು. ಏನು ಮಾತಾಡಿದರೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ ಅನ್ನಿಸಿತು. ಕೆಳಗಿಳಿದು ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಊಟ ಮಾತ್ರ ಸರಿಯಾಗಿ ಮಾಡಿದಳು.

ನಾಗರಾಜ ನನ್ನ ಫೋನು ಎತ್ತುವುದಿಲ್ಲ. ನಾನು ವಾರಕ್ಕೊಂದು ಸಲ ಮಾಡುತ್ತಲೇ ಇದ್ದೇನೆ. ಅಮಾವಾಸ್ಯೆಗೂ ಹೋಗಿಲ್ಲ, ಆಟವಿಲ್ಲದ ದಿನ ಅತ್ತೆ ಮತ್ತೆ ಎಲ್ಲರನ್ನೂ ಬೈದುಕೊಂಡು ತಿರುಗುತ್ತಿದ್ದಾಳಂತೆ.

ಹೋದ ವಾರ ಸಿಂಧು ತಾನಾಗಿ ಒಂದು ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡಳು. ಜೊತೆಗೆ ಬರುತ್ತೇನೆ ಅಂದೆ, ಬೇಡ ಅಂದಳು. ಯಾರಿಗೂ ಮುಂಚೆ ತಿಳಿಸಬೇಡಿ ಅಂತಲೂ ಅಂದಳು. ಬಸ್ಸು ಹತ್ತಿಸಿ ಬಂದೆ. ಅಂಗಡಿಯಲ್ಲಿ ಕೂತವನಿಗೆ ಯಾವ ಗಿರಾಕಿ ಏನು ಕೇಳಿದ ಅಂತ ತಲೆಗೇ ಹೋಗಲಿಲ್ಲ. ಮಧ್ಯಾಹ್ನ ತಡೆಯಲಾರದೆ ಬಾಗಿಲು ಹಾಕಿ ಮನೆಗೆ ಬಂದೆ. ಪದ್ಮ ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದು ಒಮ್ಮೆ ಬಡಿದುಕೊಳ್ಳುವಷ್ಟರಲ್ಲಿ ಎತ್ತಿದಳು.

"ಅಮ್ಮಾ, ಬಸ್‌ಸ್ಟ್ಯಾಂಡ್‌ನಲ್ಲಿ ಇಳಿದೆ. ಮಾವ ಬಂದವ್ರೆ!" ಸಿಂಧುವಿನ ದನಿ. "ನಾನು ಬರೋದು ಭರತಂಗೆ ಒಬ್ಬಂಗೇ ಹೇಳಿದ್ದೆ. ಅವನು ಹೇಳಿಬುಟ್ಟವ್ನೆ. ಈ ಬಿಸಿಲಲ್ಲಿ ಬೆಳಗಿಂದ ಮೂರು ಬಸ್ ನೋಡಿದ್ರಂತೆ."

ಅದರ ಹಿಂದಿನಿಂದ ನಾಗರಾಜನ ಗಂಟಲು ದೊಡ್ಡದಾಗಿ ಕೇಳಿಸಿತು: "ಫೋನ್ ಇಡಮ್ಮಿ ಸಾಕು. ಆ ಚೀಲ ಕೊಡಿತ್ಲಾಗೆ. ನಿಮ್ಮಜ್ಜಿ ಅನ್ನಕ್ಕಿಟ್ಟು ಕಾಯ್ತಾ ಕುಂತೈತೆ."